ಕೆಮ್ಮಿದಾಗ ರಕ್ತ ಬಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎದೆರೋಗದ ಒಪಿಡಿಗೆ ಬರುವ ಕೆಲವರು ಬಾಯಲ್ಲಿ ಏನೂ ಹೇಳುವುದಿಲ್ಲ. ಜೇಬಿನಿಂದ ನಾಲ್ಕು ಮಡಿಕೆಯ ಕರವಸ್ತ್ರ ತೆಗೆದು ಮೇಜಿನ ಮೇಲೆ ಬಿಡಿಸುತ್ತಾರೆ, ಅಷ್ಟೆ. ಆಮೇಲೆ ಅವರು, ಅವರ ಜೊತೆ ಬಂದವರು, ಕೊನೆಗೆ ಫೋನಿನಲ್ಲಿ ಊರಿನ ನೆಂಟರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನಿಲ್ಲಿ ಒಟ್ಟು ಮಾಡಿದ್ದೇನೆ.

ಬಾಯಿಂದ ಬಂದದ್ದೆಲ್ಲ ಶ್ವಾಸಕೋಶದ ರಕ್ತವೇ?

ಅಲ್ಲ. ಬಾಯಿಗೆ ರಕ್ತ ಬರಲು ಮೂರು ದಾರಿಗಳಿವೆ. ಮೊದಲನೆಯದು ಮೂಗು, ವಸಡು ಮತ್ತು ಗಂಟಲು. ರಾತ್ರಿ ಮೂಗಿನಲ್ಲಿ ಒಸರಿದ ರಕ್ತ ಹಿಂಬದಿಯಿಂದ ಗಂಟಲಿಗೆ ಇಳಿದು, ಬೆಳಿಗ್ಗೆ ಕ್ಯಾಕರಿಸಿದಾಗ ಕಪ್ಪಾಗಿ ಬರುತ್ತದೆ. ಎರಡನೆಯದು ಹೊಟ್ಟೆ. ಅದು ವಾಂತಿಯಾಗಿ ಬರುತ್ತದೆ, ಮೊದಲು ಹೊಟ್ಟೆ ತೊಳಸುತ್ತದೆ, ಬಣ್ಣ ಹಲವು ಸಲ ಕಾಫಿ ಚರಟದಂತೆ ಇರುತ್ತದೆ, ಜೊತೆಗೆ ಅನ್ನದ ಅಗುಳೂ ಇರಬಹುದು. ಮರುದಿನ ಮಲ ಟಾರಿನಂತೆ ಕಪ್ಪಾಗಿದ್ದರೆ ಅನುಮಾನ ಹೊಟ್ಟೆಯ ಕಡೆಗೇ ಹೋಗಬೇಕು. ಮೂರನೆಯದು ಶ್ವಾಸಕೋಶ. ಮೊದಲು ಗಂಟಲಲ್ಲಿ ಕೆರೆತ ಅಥವಾ ಎದೆಯೊಳಗೆ ಗುಳುಗುಳು ಅನ್ನಿಸಿ ಕೆಮ್ಮು ಬರುತ್ತದೆ, ಕೆಮ್ಮಿನ ಜೊತೆ ಕೆಂಪು ರಕ್ತ ಬರುತ್ತದೆ. ಅದರಲ್ಲಿ ನೊರೆ ಇರುತ್ತದೆ, ಕಫ ಬೆರೆತಿರುತ್ತದೆ. ಒಮ್ಮೆ ಬಂದ ಮೇಲೆ ಎರಡು ಮೂರು ದಿನ ಕಫದಲ್ಲಿ ಎಳೆಗಳು, ಕಂದು ಚೂರುಗಳು ಬರುತ್ತಲೇ ಇರುತ್ತವೆ.

ಈ ಲಕ್ಷಣಗಳೆಲ್ಲ ಪುಸ್ತಕದಲ್ಲಿ ಇದ್ದಷ್ಟು ಸ್ಪಷ್ಟವಾಗಿ ಜೀವನದಲ್ಲಿ ಇರುವುದಿಲ್ಲ. ಕೆಮ್ಮಿ ಬಂದ ರಕ್ತ ನುಂಗಿ ವಾಂತಿ ಮಾಡಿದವರೂ ಇದ್ದಾರೆ. ಆದ್ದರಿಂದ ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಹತ್ತು ನಿಮಿಷದ ವರ್ಣನೆಗಿಂತ ಆ ಫೋಟೊದಿಂದ ನಮಗೆ ಹೆಚ್ಚು ಉಪಯೋಗ.

ನಾನು ಎಲೆ ಅಡಿಕೆ ಹಾಕುತ್ತೇನೆ. ಕೆಂಪು ಯಾವುದರದ್ದು ಅಂತ ಹೇಗೆ ತಿಳಿಯಲಿ?

ಬಹಳ ಒಳ್ಳೆಯ ಪ್ರಶ್ನೆ, ಆದರೆ ಕೇಳುವವರು ಕಡಿಮೆ. ಎಲೆ, ಅಡಿಕೆ, ಸುಣ್ಣ ಸೇರಿದ ಉಗುಳು ಇಟ್ಟಿಗೆ ಕೆಂಪು, ರಕ್ತ ಅದರಲ್ಲಿ ಸುಲಭವಾಗಿ ಅಡಗುತ್ತದೆ. ತಿಂಗಳುಗಟ್ಟಲೆ ರಕ್ತ ಬರುತ್ತಿದ್ದರೂ ಗಮನಿಸದ ಹಿರಿಯರು ಇದ್ದಾರೆ. ಎರಡು ದಿನ ಎಲೆ ಅಡಿಕೆ ಬಿಟ್ಟು, ಬೆಳಿಗ್ಗೆ ಬಾಯಿ ಮುಕ್ಕಳಿಸಿದ ಮೇಲೆ ಬಿಳಿ ಕಾಗದಕ್ಕೆ ಕೆಮ್ಮಿ ನೋಡಿ.

ಟಿಬಿ ಮಾತ್ರೆ ಶುರು ಮಾಡಿದವರಿಗೆ ಇನ್ನೊಂದು ಗಾಬರಿ ಕಾದಿರುತ್ತದೆ. ರಿಫಾಂಪಿಸಿನ್ ಎಂಬ ಔಷಧ ಮೂತ್ರ, ಬೆವರು, ಕಣ್ಣೀರು, ಉಗುಳು ಎಲ್ಲಕ್ಕೂ ಕಿತ್ತಳೆ ಬಣ್ಣ ಹಚ್ಚುತ್ತದೆ. ಅದು ರಕ್ತವಲ್ಲ. ಅದಕ್ಕೆ ಹೆದರಿ ಮಾತ್ರೆ ಬಿಡಬೇಡಿ.

ಉಷ್ಣ ಜಾಸ್ತಿಯಾಗಿ ಬಂದಿದೆ ಅನ್ನುತ್ತಾರಲ್ಲ?

ನಮ್ಮಲ್ಲಿ ಮೂಗಿನ ರಕ್ತಕ್ಕೂ, ಉರಿಮೂತ್ರಕ್ಕೂ, ಕೆಮ್ಮಿನ ರಕ್ತಕ್ಕೂ ಒಂದೇ ವಿವರಣೆ: ಉಷ್ಣ. ಬಾರ್ಲಿ ನೀರು, ಮಜ್ಜಿಗೆ, ನೆನೆಸಿದ ಕಾಮಕಸ್ತೂರಿ ಬೀಜ. ಇವು ಕುಡಿದರೆ ನಷ್ಟವೇನಿಲ್ಲ. ನಷ್ಟ ಆಗುವುದು ದಿನಗಳದ್ದು. ಕೆಮ್ಮಿನ ರಕ್ತ ತಾನಾಗಿಯೇ ಎರಡು ದಿನದಲ್ಲಿ ನಿಲ್ಲುವುದು ಸಾಮಾನ್ಯ. ಮಜ್ಜಿಗೆ ಕುಡಿದವರಿಗೆ ಮಜ್ಜಿಗೆಯಿಂದಲೇ ನಿಂತಿತು ಎಂದು ತೋರುತ್ತದೆ. ಒಳಗಿನ ಗಾಯ ಹಾಗೇ ಇರುತ್ತದೆ, ಮೂರು ತಿಂಗಳ ನಂತರ ಮತ್ತೆ ಬರುತ್ತದೆ.

ಅಷ್ಟಕ್ಕೂ ಶ್ವಾಸಕೋಶದೊಳಗೆ ರಕ್ತ ಎಲ್ಲಿಂದ ಸೋರುತ್ತದೆ?

ಶ್ವಾಸಕೋಶಕ್ಕೆ ಎರಡು ಬೇರೆ ಬೇರೆ ರಕ್ತ ಪೂರೈಕೆಗಳಿವೆ. ಒಂದು ದೊಡ್ಡದು: ಹೃದಯದ ಬಲಭಾಗದಿಂದ ಆಮ್ಲಜನಕ ತುಂಬಿಸಿಕೊಳ್ಳಲು ಬರುವ ರಕ್ತ. ಪ್ರಮಾಣ ದೊಡ್ಡದು, ಒತ್ತಡ ಕಡಿಮೆ. ಕೈಯಲ್ಲಿ ಬಿಪಿ 120 ಇದ್ದರೆ ಇಲ್ಲಿ ಸುಮಾರು 25. ಇನ್ನೊಂದು ಸಣ್ಣದು: ಮಹಾಧಮನಿಯಿಂದ ಕವಲೊಡೆದು ಶ್ವಾಸನಾಳದ ಗೋಡೆಗಳಿಗೆ ಆಹಾರ ಒಯ್ಯುವ ಬ್ರಾಂಕಿಯಲ್ ಧಮನಿಗಳು. ಹೃದಯ ಹೊರದೂಡುವ ರಕ್ತದಲ್ಲಿ ಇವಕ್ಕೆ ಸಿಗುವ ಪಾಲು ನೂರಕ್ಕೆ ಒಂದರಷ್ಟು, ಆದರೆ ಒತ್ತಡ ಮಾತ್ರ ಮಹಾಧಮನಿಯದ್ದೇ.

ತಮಾಷೆಯೆಂದರೆ ಜೋರಾಗಿ ರಕ್ತ ಬರುವವರಲ್ಲಿ ನೂರಕ್ಕೆ ಸುಮಾರು 90 ಮಂದಿಗೆ ಅದು ಈ ಸಣ್ಣ ಪೂರೈಕೆಯಿಂದಲೇ. ಶ್ವಾಸಕೋಶದ ಒಂದು ಮೂಲೆಯಲ್ಲಿ ವರ್ಷಗಟ್ಟಲೆ ಸೋಂಕು ಕೂತರೆ ಅಲ್ಲಿಗೆ ಹೋಗುವ ಬ್ರಾಂಕಿಯಲ್ ಧಮನಿ ದಪ್ಪವಾಗುತ್ತದೆ, ಹಂಬಿನಂತೆ ಸುತ್ತಿಕೊಳ್ಳುತ್ತದೆ, ಹೊಸ ಕವಲು ಬಿಡುತ್ತದೆ. ಹೊಸ ಕವಲುಗಳ ಗೋಡೆ ತೆಳು, ಒಳಗಿನ ಒತ್ತಡ ಹೆಚ್ಚು. ಒಂದು ಜೋರು ಕೆಮ್ಮು ಸಾಕು. ಚಿಕಿತ್ಸೆಯ ಮಾತು ಬಂದಾಗ ಈ ಧಮನಿಗಳ ಸುದ್ದಿ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಎಷ್ಟು ರಕ್ತ ಬಂದರೆ ಅಪಾಯ?

ಪಠ್ಯಪುಸ್ತಕಗಳಲ್ಲಿ ಒಂದು ದಿನಕ್ಕೆ 100 ಎಂ.ಎಲ್.ನಿಂದ 600 ಎಂ.ಎಲ್.ವರೆಗೆ, ಅದಕ್ಕೂ ಮೇಲೆ, ನಾನಾ ಗಡಿಗಳಿವೆ. ಲೆಕ್ಕಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಈ ಕಾಯಿಲೆಯಲ್ಲಿ ಜನ ಸಾಯುವುದು ಮೈಯ ರಕ್ತ ಖಾಲಿಯಾಗಿ ಅಲ್ಲ, ಉಸಿರುಕಟ್ಟಿ. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತವಿದೆ. ಆದರೆ ಮೂಗಿನಿಂದ ಗಾಳಿಗೂಡುಗಳವರೆಗಿನ ಕೊಳವೆಗಳೆಲ್ಲ ಸೇರಿ ಹಿಡಿಯುವುದು ಸುಮಾರು 150 ಎಂ.ಎಲ್. ಅಂದರೆ ಒಂದು ಕಾಫಿ ಲೋಟ. ಅಷ್ಟು ರಕ್ತ ಅಲ್ಲಿ ಹೆಪ್ಪುಗಟ್ಟಿದರೆ ಗಾಳಿಗೆ ಜಾಗವೇ ಇಲ್ಲ.

ಮೊದಲೇ ಶ್ವಾಸಕೋಶ ಅರ್ಧ ಹಾಳಾದವರಿಗೆ, ಕೆಮ್ಮಲು ಶಕ್ತಿಯಿಲ್ಲದ ವಯಸ್ಸಾದವರಿಗೆ ಇನ್ನೂ ಕಡಿಮೆ ಸಾಕು. ಒಂದೇ ಸಲಕ್ಕೆ ಒಂದೆರಡು ಚಮಚಕ್ಕಿಂತ ಹೆಚ್ಚು ಬಂದರೆ, ಮತ್ತೆ ಮತ್ತೆ ಬರುತ್ತಿದ್ದರೆ, ಏದುಸಿರು, ತಲೆಸುತ್ತು, ತುಟಿ ನೀಲಿಯಾಗುವುದು ಕಂಡರೆ ಆಗಲೇ ಹೊರಡಿ. ಬೆಳಗಾಗಲಿ ಎಂದು ಕಾಯಬೇಡಿ.

ಈಗಲೇ ಬರುತ್ತಿದೆ. ಆಂಬುಲೆನ್ಸ್ ಬರುವವರೆಗೆ ಏನು ಮಾಡಲಿ?

108ಕ್ಕೆ ಕರೆ ಮಾಡಿ. ಅಂಗಾತ ಮಲಗಿಸಬೇಡಿ. ಯಾವ ಬದಿಯಿಂದ ರಕ್ತ ಬರುತ್ತಿದೆ ಎಂದು ಹಳೆಯ ಎಕ್ಸ್‌ರೇಯಿಂದಲೋ ವೈದ್ಯರ ಮಾತಿನಿಂದಲೋ ಗೊತ್ತಿದ್ದರೆ ಆ ಬದಿ ಕೆಳಗಾಗುವಂತೆ ಮಗ್ಗುಲಾಗಿಸಿ. ಬಲ ಶ್ವಾಸಕೋಶ ಸೋರುತ್ತಿದ್ದರೆ ಬಲಮಗ್ಗುಲು. ಹೀಗೇಕೆಂದರೆ ಒಳ್ಳೆಯ ಶ್ವಾಸಕೋಶ ಮೇಲಿದ್ದು ಒಣಗಿರಲಿ, ಅದರಿಂದ ಉಸಿರಾಡಲಿ ಅಂತ. ಇಷ್ಟೊಂದು ಸರಳವಾದ, ದುಡ್ಡಿಲ್ಲದ ಕೆಲಸ ಜೀವ ಉಳಿಸುತ್ತದೆ. ಆದರೂ ಎಷ್ಟೋ ಮನೆಗಳಲ್ಲಿ ಗಾಬರಿಯಿಂದ ಉಲ್ಟಾ ಮಾಡುತ್ತಾರೆ, ಅಥವಾ ಅಂಗಾತ ಮಲಗಿಸಿ ಗಾಳಿ ಬೀಸುತ್ತಾರೆ. ಬದಿ ಗೊತ್ತಿಲ್ಲದಿದ್ದರೆ ಮುಂದಕ್ಕೆ ಬಾಗಿ ಕೂರಲಿ.

ಬಂದದ್ದನ್ನು ನುಂಗದೆ ಉಗುಳಬೇಕು, ಕೆಮ್ಮನ್ನು ಬಲವಂತವಾಗಿ ತಡೆಯಬಾರದು. ಕೆಮ್ಮು ನಿಲ್ಲಿಸುವ ಸಿರಪ್, ನಿದ್ದೆ ಮಾತ್ರೆ ಕೊಡಬೇಡಿ. ಕೆಮ್ಮು ಈಗ ಶತ್ರುವಲ್ಲ, ಕೊಳವೆ ತೆರೆದಿಡುತ್ತಿರುವುದೇ ಅದು. ಊಟ, ನೀರು ಬೇಡ. ಯಾಕೆಂದರೆ ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಹಾಕಬೇಕಾಗಬಹುದು. ಒಂದು ಲೋಟ ಅಥವಾ ಪಾತ್ರೆಯಲ್ಲೇ ಉಗುಳಿಸಿ, ಪ್ರಮಾಣ ಗೊತ್ತಾಗುತ್ತದೆ. ಹೊರಡುವಾಗ ಹಳೆಯ ಎಕ್ಸ್‌ರೇ, ಸಿಟಿ ಸ್ಕ್ಯಾನ್ ಫಿಲ್ಮ್, ತೆಗೆದುಕೊಳ್ಳುವ ಮಾತ್ರೆಗಳ ಚೀಟಿ ಕೈಯಲ್ಲಿರಲಿ.

ರಕ್ತ ಅಂದರೆ ಟಿಬಿನೇ ತಾನೆ?

ನಮ್ಮ ದೇಶದಲ್ಲಿ ಮೊದಲ ಅನುಮಾನ ಅದರ ಮೇಲೆಯೇ, ಅದರಲ್ಲಿ ತಪ್ಪಿಲ್ಲ. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ಸಡಿಲವಾಗುತ್ತಿರುವ ಬಟ್ಟೆ, ಇವುಗಳ ಜೊತೆ ರಕ್ತ ಬಂದರೆ ಕಫ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಬಿನಾಟ್ ಅಥವಾ ಟ್ರೂನಾಟ್ ಯಂತ್ರದಲ್ಲಿ ಉಚಿತವಾಗಿ ಮಾಡುತ್ತಾರೆ. ಟಿಬಿ ಇದೆಯೇ, ರಿಫಾಂಪಿಸಿನ್‌ಗೆ ಬಗ್ಗದ ಟಿಬಿಯೇ, ಎರಡನ್ನೂ ಗಂಟೆಗಳಲ್ಲಿ ಹೇಳುತ್ತದೆ. ಕಫ ಅಂದರೆ ಉಗುಳಲ್ಲ. ಬೆಳಗ್ಗೆ ಎದ್ದ ಕೂಡಲೇ ಎದೆಯಾಳದಿಂದ ಕೆಮ್ಮಿ ತೆಗೆದದ್ದು.

ರಕ್ತದ ಪರೀಕ್ಷೆಯಲ್ಲಿ ಟಿಬಿ ಬಂದಿದೆ ಎಂದು ಚೀಟಿ ಹಿಡಿದು ಬರುವವರು ಇಂದಿಗೂ ಇದ್ದಾರೆ. ಟಿಬಿ ಪತ್ತೆಗೆ ರಕ್ತದಲ್ಲಿ ಪ್ರತಿಕಾಯ ಹುಡುಕುವ ಪರೀಕ್ಷೆಗಳನ್ನು ಭಾರತ ಸರ್ಕಾರ 2012ರಲ್ಲೇ ನಿಷೇಧಿಸಿದೆ. ಚರ್ಮದ ಮಾಂಟೂ ಪರೀಕ್ಷೆಯೂ ಕಾಯಿಲೆ ಇದೆ ಎಂದು ಸಾಬೀತು ಮಾಡುವುದಿಲ್ಲ, ರೋಗಾಣು ಯಾವಾಗಲೋ ಮೈ ಹೊಕ್ಕಿತ್ತು ಎಂದಷ್ಟೇ ಹೇಳುತ್ತದೆ.

ಸಾಮಾನ್ಯ ಟಿಬಿಗೆ ಆರು ತಿಂಗಳ ಚಿಕಿತ್ಸೆ. ಮೊದಲ ಎರಡು ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪಿರಜಿನಮೈಡ್, ಇಥಾಂಬ್ಯುಟಾಲ್ ನಾಲ್ಕೂ, ಆಮೇಲೆ ಪಿರಜಿನಮೈಡ್ ಬಿಟ್ಟು ಮೂರು. ತೂಕ ನೋಡಿ ದಿನವೂ ಕೊಡುತ್ತಾರೆ. ಮಾತ್ರೆ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1000 ಆಗಿದೆ. ಸಹಾಯವಾಣಿ 1800-11-6666. ಖಾಸಗಿಯಲ್ಲಿ ತೋರಿಸಿದರೂ ವೈದ್ಯರು ಸರ್ಕಾರಕ್ಕೆ ತಿಳಿಸಬೇಕಾದದ್ದು ಕಾನೂನು, ಅದಕ್ಕೆ ಬೇಸರ ಬೇಡ.

ಟಿಬಿ ಗುಣವಾಗಿ ಹತ್ತು ವರ್ಷ ಆಯಿತು. ಮತ್ತೆ ರಕ್ತ. ಮತ್ತೆ ಟಿಬಿ ಮಾತ್ರೆಯಾ?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಟಿಬಿ ರೋಗಾಣು ಸತ್ತ ಮೇಲೂ ಅದು ಕೊರೆದ ಮನೆ ಉಳಿಯುತ್ತದೆ. ಶ್ವಾಸಕೋಶದ ತುದಿಯಲ್ಲಿ ಕುಳಿ, ಹಿಗ್ಗಿ ಸೊಟ್ಟಗಾದ ಶ್ವಾಸನಾಳ, ಅದರ ಸುತ್ತ ಹಂಬಿನಂತೆ ಬೆಳೆದ ಆ ಬ್ರಾಂಕಿಯಲ್ ಧಮನಿಗಳು. ಶ್ವಾಸನಾಳ ಹೀಗೆ ಹಿಗ್ಗುವುದಕ್ಕೆ ಬ್ರಾಂಕಿಎಕ್ಟಾಸಿಸ್ ಎಂದು ಹೆಸರು. ಕೆಲವರಿಗೆ ದಿನವೂ ಲೋಟಗಟ್ಟಲೆ ಹಳದಿ ಕಫ ಬರುತ್ತದೆ. ಇನ್ನು ಕೆಲವರಿಗೆ, ವಿಶೇಷವಾಗಿ ಟಿಬಿ ಮೇಲ್ಭಾಗದಲ್ಲಿ ಆಗಿದ್ದವರಿಗೆ, ಕಫವೇ ಇರುವುದಿಲ್ಲ. ಚೆನ್ನಾಗಿ ಓಡಾಡಿಕೊಂಡು ಇದ್ದವರಿಗೆ ಒಂದು ದಿನ ಇದ್ದಕ್ಕಿದ್ದಂತೆ ರಕ್ತ. ಖಾಲಿ ಕುಳಿಯಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟು ಮನೆ ಮಾಡಿ ಉಂಡೆಯಾಗುವುದೂ ಉಂಟು. ಸಿಟಿಯಲ್ಲಿ ಅದು ಗಿಲಕಿಯೊಳಗಿನ ಗುಂಡಿನಂತೆ ಕಾಣುತ್ತದೆ, ಮಗ್ಗುಲು ಬದಲಿಸಿದರೆ ತಾನೂ ಉರುಳುತ್ತದೆ. ಕುಳಿಯ ಗೋಡೆಯಲ್ಲಿರುವ ಧಮನಿ ಉಬ್ಬಿ ಒಡೆಯುವುದನ್ನು ಡೆನ್ಮಾರ್ಕಿನ ವೈದ್ಯ ರಾಸ್ಮುಸೆನ್ 1868ರಲ್ಲೇ ವಿವರಿಸಿದ್ದ, ಇಂದಿಗೂ ಅವನ ಹೆಸರಲ್ಲೇ ಕರೆಯುತ್ತೇವೆ.

ಇವು ಯಾವುವೂ ಟಿಬಿ ಮಾತ್ರೆಗೆ ಬಗ್ಗುವುದಿಲ್ಲ. ಆದರೂ ಎಕ್ಸ್‌ರೇಯಲ್ಲಿ ಹಳೆಯ ಕಲೆ ಕಂಡ ಕೂಡಲೇ, ಕಫ ಪರೀಕ್ಷೆ ಇಲ್ಲದೆ, ಎರಡನೇ ಸಲ, ಮೂರನೇ ಸಲ ಟಿಬಿ ಕೋರ್ಸ್ ಮುಗಿಸಿ ಬಂದವರನ್ನು ನೋಡುತ್ತಲೇ ಇದ್ದೇವೆ. ಯಕೃತ್ತು ದಣಿಯಿತು, ರಕ್ತ ನಿಲ್ಲಲಿಲ್ಲ. ಹೌದು, ಟಿಬಿ ಮರುಕಳಿಸಬಹುದು. ಅದಕ್ಕೆ ಸಾಕ್ಷಿ ಕಫದಲ್ಲಿ ಸಿಗಬೇಕು. ಸತ್ತ ರೋಗಾಣುವಿನ ಚೂರನ್ನೂ ಯಂತ್ರ ಹಿಡಿಯಬಹುದಾದ್ದರಿಂದ ಹಿಂದೆ ಚಿಕಿತ್ಸೆ ಆದವರಲ್ಲಿ ಕಲ್ಚರ್, ಅಂದರೆ ಕಫದಲ್ಲಿನ ಜೀವಂತ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ ಕೂಡ ಮಾಡಿಸುವುದು ಒಳ್ಳೆಯದು. "ಡಾಕ್ಟ್ರೇ, ಕಫದಲ್ಲಿ ಟಿಬಿ ಸಿಕ್ಕಿದೆಯಾ?" ಎಂದು ಕೇಳಿ. ಕೇಳಿದರೆ ಯಾರೂ ಸಿಟ್ಟಾಗಬಾರದು.

ಟಿಬಿ ಇಲ್ಲವಾದರೆ ಇನ್ನೇನು?

ಪಟ್ಟಿ ಉದ್ದವಿದೆ. ಎಲ್ಲರಿಗೂ ಗೊತ್ತಿರುವುದು ಬ್ರಾಂಕೈಟಿಸ್, ನ್ಯುಮೋನಿಯಾ. ಜ್ವರ, ಕಫ, ನಾಲ್ಕೈದು ದಿನ ರಕ್ತದ ಎಳೆ, ಚಿಕಿತ್ಸೆಗೆ ವಾಸಿ. ಶ್ವಾಸಕೋಶದಲ್ಲಿ ಕೀವುಗಟ್ಟಿದರೆ ಕಫ ಕೊಳೆತ ವಾಸನೆ ಹೊಡೆಯುತ್ತದೆ.

ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಮರೆಯಬಾರದ್ದು ಇಲಿಜ್ವರ. ಗದ್ದೆ, ತೋಟ, ನಿಂತ ನೀರಿನಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದವರಿಗೆ ಜೋರು ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು, ಆಮೇಲೆ ಕಾಮಾಲೆ. ಕೆಲವರಲ್ಲಿ ಶ್ವಾಸಕೋಶದೊಳಗೇ ರಕ್ತ ಹರಡಿ ಒಂದೆರಡು ದಿನದಲ್ಲಿ ವೆಂಟಿಲೇಟರ್‌ವರೆಗೆ ಹೋಗುತ್ತದೆ. ಪೆನಿಸಿಲಿನ್, ಸೆಫ್ಟ್ರಿಯಾಕ್ಸೋನ್, ಡಾಕ್ಸಿಸೈಕ್ಲಿನ್ ಇವೆಲ್ಲ ಹಳೆಯ, ಅಗ್ಗದ ಔಷಧಗಳು. ಬೇಗ ಕೊಟ್ಟರೆ ಲಾಭ. ಜ್ವರದವರು ಕೆಮ್ಮಿ ರಕ್ತ ಉಗುಳಿದರೆ "ಗದ್ದೆಗೆ ಇಳಿದಿದ್ರಾ?" ಎಂದು ಕೇಳದ ವೈದ್ಯರಿಗೆ ನೀವೇ ಹೇಳಿ.

ಕಾಲಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಹಾರುವುದು ಇನ್ನೊಂದು ಕಾರಣ. ಹೆರಿಗೆ, ಶಸ್ತ್ರಚಿಕಿತ್ಸೆ, ದೀರ್ಘ ಪ್ರಯಾಣದ ನಂತರ ಒಂದು ಕಾಲು ಊದಿ, ಎದೆ ಚುಚ್ಚಿ, ಉಸಿರು ಕಟ್ಟಿ, ಸ್ವಲ್ಪ ರಕ್ತ. ಇಲ್ಲಿ ವಿಚಿತ್ರ ನೋಡಿ, ರಕ್ತ ಬರುತ್ತಿದ್ದರೂ ಚಿಕಿತ್ಸೆ ರಕ್ತ ತೆಳುಮಾಡುವ ಔಷಧವೇ.

ಮೈಯ ರೋಗನಿರೋಧಕ ವ್ಯವಸ್ಥೆ ತನ್ನದೇ ರಕ್ತನಾಳಗಳ ಮೇಲೆ ತಿರುಗಿಬೀಳುವ ವ್ಯಾಸ್ಕುಲೈಟಿಸ್ ಅಪರೂಪ, ಆದರೆ ಕೆಮ್ಮಿನ ರಕ್ತದ ಜೊತೆ ಮೂತ್ರದಲ್ಲೂ ರಕ್ತ, ಮೂತ್ರಪಿಂಡ ದಣಿದಿದೆ ಎಂದು ಹೇಳುವ ಕ್ರಿಯಾಟಿನಿನ್ ಏರಿಕೆ ಕಂಡರೆ ಅದನ್ನು ಅಂದೇ ಯೋಚಿಸಬೇಕು. ಕುರಿ, ನಾಯಿಗಳ ಒಡನಾಟವಿದ್ದವರಲ್ಲಿ ಒಂದು ಬಗೆಯ ಹುಳುವಿನಿಂದ ಶ್ವಾಸಕೋಶದಲ್ಲಿ ಆಗುವ ಹೈಡಾಟಿಡ್ ಗುಳ್ಳೆ ಒಡೆದರೆ ಬಾಯಿಗೆ ಉಪ್ಪು ನೀರು, ದ್ರಾಕ್ಷಿ ಸಿಪ್ಪೆಯಂಥ ಪೊರೆ ಬರುತ್ತದೆ. ಮಣಿಪುರದಂಥ ಈಶಾನ್ಯ ರಾಜ್ಯಗಳಲ್ಲಿ ಸರಿಯಾಗಿ ಬೇಯದ ಹೊಳೆ ಏಡಿ ತಿಂದು ಬರುವ ಶ್ವಾಸಕೋಶದ ಹುಳುವನ್ನು ಟಿಬಿ ಎಂದು ತಪ್ಪು ತಿಳಿದು ಚಿಕಿತ್ಸೆ ಕೊಟ್ಟ ಉದಾಹರಣೆಗಳಿವೆ. ಮಲೆನಾಡಿನಲ್ಲಿ ಏಡಿಯನ್ನು ಚೆನ್ನಾಗಿ ಕುದಿಸಿ ಸಾರು ಮಾಡುವುದು ರೂಢಿ, ಹಾಗೇ ಮುಂದುವರಿಸಿ.

ಕ್ಯಾನ್ಸರ್ ಇರಬಹುದಾ?

ಇರಬಹುದು, ಅದಕ್ಕೇ ಪರೀಕ್ಷೆ. 40 ದಾಟಿದವರು, ಬೀಡಿ ಸಿಗರೇಟು ಸೇದಿದವರು, ತೂಕ ಇಳಿದವರು, ದನಿ ಒಡೆದವರು ಒಂದೇ ಒಂದು ಎಳೆ ರಕ್ತ ಬಂದರೂ ಸಿಟಿ ಮಾಡಿಸಬೇಕು. ಎಂದೂ ಸೇದದ ಹೆಂಗಸರಲ್ಲೂ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ, "ನಮ್ಮಮ್ಮ ಬೀಡಿ ಮುಟ್ಟಿಲ್ಲ" ಎಂಬುದು ಪರೀಕ್ಷೆ ಬಿಡಲು ಕಾರಣವಲ್ಲ. ಕಡಿಮೆ ವಯಸ್ಸಿನವರಲ್ಲಿ ಕಾರ್ಸಿನಾಯ್ಡ್ ಎಂಬ ನಿಧಾನವಾಗಿ ಬೆಳೆಯುವ ಗಡ್ಡೆ ಶ್ವಾಸನಾಳದಲ್ಲೇ ಕೂತು, ವರ್ಷಗಟ್ಟಲೆ ಆಸ್ತಮಾ ಎಂದು ಇನ್ಹೇಲರ್ ಪಡೆಯುತ್ತಿರುತ್ತದೆ. ಅದನ್ನು ತೆಗೆದರೆ ಬಹುಪಾಲು ಜನ ಪೂರ್ತಿ ಗುಣ.

ಹೃದಯದ ಕಾಯಿಲೆಯಿಂದಲೂ ಹೀಗೆ ಬರುತ್ತಾ?

ಬರುತ್ತದೆ. ಚಿಕ್ಕಂದಿನಲ್ಲಿ ಗಂಟಲುನೋವು, ಕೀಲುನೋವು ಬಂದು ಹೋದ ರುಮ್ಯಾಟಿಕ್ ಜ್ವರ ಹೃದಯದ ಮೈಟ್ರಲ್ ಕವಾಟವನ್ನು ಕಿರಿದಾಗಿಸುತ್ತದೆ. ಅದರ ಹಿಂದೆ ರಕ್ತ ನಿಂತು ಶ್ವಾಸಕೋಶದಲ್ಲಿ ಒತ್ತಡ ಏರುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಇದು ಮೊದಲು ಗೊತ್ತಾಗುವುದು ಬಸಿರಿನಲ್ಲಿ, ಏದುಸಿರು ಮತ್ತು ಕೆಮ್ಮಿನ ರಕ್ತದಿಂದ. ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿದರೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಎದೆ ಕೊಯ್ಯದೆ ಬಲೂನಿನಿಂದ ಕವಾಟ ಹಿಗ್ಗಿಸುವ ಚಿಕಿತ್ಸೆ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಂಥ ಕಡೆ ದಿನನಿತ್ಯದ ಕೆಲಸ. ತಿಳಿಗುಲಾಬಿ ಬಣ್ಣದ ನೊರೆ ಬಂದು ಮಲಗಲಾಗದಿದ್ದರೆ ಅದು ಹೃದಯ ಸೋಲುತ್ತಿರುವ ಲಕ್ಷಣ, ತುರ್ತು.

ಸ್ಟೆಂಟ್ ಹಾಕಿದ್ದಾರೆ, ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತಗೋತೀನಿ. ನಿಲ್ಲಿಸಲಾ?

ನೀವಾಗಿ ನಿಲ್ಲಿಸಬೇಡಿ. ಹೊಸ ಸ್ಟೆಂಟ್ ಕಟ್ಟಿಕೊಂಡರೆ ಅದೂ ಪ್ರಾಣಕ್ಕೇ ಕುತ್ತು. ಅದೇ ದಿನ ವೈದ್ಯರನ್ನು ಕಂಡು ಅವರೇ ನಿರ್ಧರಿಸಲಿ. ವಾರ್ಫರಿನ್, ಅಸಿಟ್ರಾಂ ತೆಗೆದುಕೊಳ್ಳುವವರು ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್‌ಆರ್ ಪರೀಕ್ಷೆ ತಕ್ಷಣ ಮಾಡಿಸಬೇಕು. ಆದರೆ ಮೈಕೈ ನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೋಫಿನಾಕ್, ಐಬುಪ್ರೊಫೆನ್ ಅನ್ನು ಇವತ್ತೇ ಬಿಡಬಹುದು. ಔಷಧ ರಕ್ತ ತೆಳು ಮಾಡಿದೆ ಎಂದರೂ ಸೋರಿದ ಜಾಗ ಯಾವುದು ಎಂದು ನೋಡಬೇಕು. ಅಡಗಿದ್ದ ಗಡ್ಡೆ ಹೀಗೇ ಹೊರಬೀಳುವುದುಂಟು.

ಮಗುವಿಗೆ ಬಂದಿದೆ.

ಮಕ್ಕಳಲ್ಲಿ ಹೆಚ್ಚಾಗಿ ಮೂಗಿನದು ಅಥವಾ ನ್ಯುಮೋನಿಯಾದ್ದು. ಆಟವಾಡುತ್ತ ಕಡಲೆಬೀಜ, ಅಡಿಕೆ ಚೂರು ಬಾಯಲ್ಲಿಟ್ಟು ಕೆಮ್ಮಿದ್ದು ನೆನಪಿದೆಯೇ ಯೋಚಿಸಿ. ಅದು ಶ್ವಾಸನಾಳದಲ್ಲಿ ಸಿಕ್ಕಿ ತಿಂಗಳ ನಂತರವೂ ರಕ್ತ ತರಿಸಬಹುದು.

ಎಕ್ಸ್‌ರೇ ನಾರ್ಮಲ್ ಬಂತು. ಬಚಾವಾದೆನಾ?

ಇನ್ನೂ ಇಲ್ಲ. ಹೃದಯದ ನೆರಳಿನ ಹಿಂದೆ ಎಕ್ಸ್‌ರೇ ಕಣ್ಣಿಗೆ ಬೀಳದ ಜಾಗಗಳಿವೆ. ಬ್ರಾಂಕಿಎಕ್ಟಾಸಿಸ್, ಶ್ವಾಸನಾಳದೊಳಗಿನ ಸಣ್ಣ ಗಡ್ಡೆ ತಪ್ಪಿಸಿಕೊಳ್ಳಬಹುದು. ಮುಂದಿನ ಹೆಜ್ಜೆ ಸಿಟಿ. ರಕ್ತ ಜೋರಾಗಿದ್ದರೆ ಧಮನಿಗಳನ್ನು ತೋರಿಸುವ ಸಿಟಿ ಆಂಜಿಯೊ. ಬೇಕೆನಿಸಿದರೆ ಬ್ರಾಂಕೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ತೆಳು ಕೊಳವೆಯಿಂದ ಶ್ವಾಸನಾಳದೊಳಗೆ ಇಣುಕುವುದು. ಎಲ್ಲ ಮಾಡಿದ ಮೇಲೂ ಒಂದಷ್ಟು ಜನರಲ್ಲಿ ಕಾರಣ ಸಿಗುವುದಿಲ್ಲ. ಅವರಲ್ಲಿ ಬಹುಮಂದಿಗೆ ಮುಂದೆ ತೊಂದರೆ ಆಗುವುದಿಲ್ಲ. ಆದರೂ ಸೇದುವವರಾದರೆ ಕೆಲವು ತಿಂಗಳು ಕಣ್ಣಿಟ್ಟಿರುತ್ತೇವೆ.

ರಕ್ತ ನಿಲ್ಲಿಸಲು ಮಾತ್ರೆ ಇಲ್ಲವೇ?

ಟ್ರಾನೆಕ್ಸಾಮಿಕ್ ಆಸಿಡ್ ಇದೆ. ಜಪಾನಿನ ವೈದ್ಯೆ ಉತಾಕೊ ಒಕಾಮೊಟೊ ತಮ್ಮ ಗಂಡನ ಜೊತೆ 1962ರಲ್ಲಿ ಜಗತ್ತಿಗೆ ಕೊಟ್ಟ ಔಷಧ. ಕಟ್ಟಿದ ಹೆಪ್ಪು ಕರಗದಂತೆ ನೋಡಿಕೊಳ್ಳುತ್ತದೆ. ಮಾತ್ರೆ, ಇಂಜೆಕ್ಷನ್ ಆಗಿ, ಈಚೆಗೆ ನೆಬ್ಯುಲೈಸರ್‌ನಲ್ಲಿ ಹಬೆಯಾಗಿಯೂ ಕೊಡುತ್ತಾರೆ. ಸಣ್ಣ ಪ್ರಮಾಣಕ್ಕೆ ಉಪಯೋಗ, ಕಾರಣಕ್ಕೆ ಮದ್ದಲ್ಲ. ಕಾಲಿನ ಹೆಪ್ಪಿನಿಂದ ಬಂದ ರಕ್ತಕ್ಕೆ ಇದನ್ನು ಕೊಟ್ಟರೆ ಎಡವಟ್ಟು. ಅದಕ್ಕೇ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗುವ ಮಾತ್ರೆ ಇದಲ್ಲ.

ಎಂಬೊಲೈಸೇಶನ್ ಅಂದರೆ ಏನು? ಆಪರೇಷನ್ನಾ?

ಆಪರೇಷನ್ ಅಲ್ಲ. ಹಂಬಿನಂತೆ ಬೆಳೆದ ಧಮನಿಗಳ ಕಥೆ ಹೇಳಿದ್ದೆನಲ್ಲ, ಅವನ್ನೇ ಒಳಗಿನಿಂದ ಮುಚ್ಚುವ ಕೆಲಸ. ತೊಡೆಸಂದಿಯ ಅಥವಾ ಮಣಿಕಟ್ಟಿನ ಧಮನಿಯಿಂದ ತೆಳು ಕೊಳವೆ ಸೇರಿಸಿ, ಎಕ್ಸ್‌ರೇ ಪರದೆ ನೋಡುತ್ತ ಬ್ರಾಂಕಿಯಲ್ ಧಮನಿಯ ಬಾಯಿ ತಲುಪಿ, ಮರಳಿನಂಥ ಸೂಕ್ಷ್ಮ ಕಣಗಳನ್ನು ಬಿಡುತ್ತಾರೆ. ಆ ಕವಲು ಮುಚ್ಚುತ್ತದೆ. ಎಚ್ಚರವಾಗಿಯೇ ಇರುತ್ತೀರಿ, ಚುಚ್ಚಿದ ಜಾಗಕ್ಕೆ ಮಾತ್ರ ಮರಗಟ್ಟಿಸುತ್ತಾರೆ. 1970ರ ದಶಕದಲ್ಲಿ ಫ್ರಾನ್ಸಿನಲ್ಲಿ ರೆಮಿ ಮತ್ತು ಸಂಗಡಿಗರು ಶುರುಮಾಡಿದ ಈ ವಿಧಾನ ಇಂದು ಜೋರು ರಕ್ತಸ್ರಾವಕ್ಕೆ ಎಲ್ಲೆಡೆ ಮೊದಲ ಆಯ್ಕೆ. ಬಹುತೇಕರಲ್ಲಿ ಅಂದೇ ರಕ್ತ ನಿಲ್ಲುತ್ತದೆ.

ಅಡ್ಡಪರಿಣಾಮವಾಗಿ ಒಂದೆರಡು ದಿನ ಎದೆನೋವು, ನುಂಗಲು ಕಷ್ಟ. ಭಯಪಡಬೇಕಾದ್ದು ಒಂದು: ಬೆನ್ನುಹುರಿಗೆ ಹೋಗುವ ಸಣ್ಣ ಧಮನಿ ಕೆಲವರಲ್ಲಿ ಇದೇ ಕವಲಿನಿಂದ ಹೊರಡುತ್ತದೆ, ಕಣ ಅದರೊಳಗೆ ಹೋದರೆ ಕಾಲಿನ ಬಲ ಹೋಗಬಹುದು. ಅಪರೂಪ. ಅನುಭವವಿರುವ ರೇಡಿಯಾಲಜಿಸ್ಟ್ ಮೊದಲು ಅದನ್ನೇ ಹುಡುಕುತ್ತಾರೆ.

ಮತ್ತೆ ಬರುವುದಿಲ್ಲವೇ ಎಂದರೆ, ಬರಬಹುದು. ಮೂಲ ಕಾಯಿಲೆ ಜೀವಂತವಾಗಿದ್ದರೆ ಹೊಸ ಕವಲು ಹುಟ್ಟುತ್ತದೆ. ಬೂಷ್ಟಿನ ಉಂಡೆ ಇದ್ದವರಲ್ಲಿ ಇದು ಹೆಚ್ಚು. ಅಂಥವರಿಗೆ ತಿಂಗಳುಗಟ್ಟಲೆ ಬೂಷ್ಟು ಕೊಲ್ಲುವ ಇಟ್ರಾಕೊನಜೋಲ್ ಔಷಧ, ಅಥವಾ ದೇಹ ತಡೆದುಕೊಳ್ಳುವಂತಿದ್ದರೆ ಆ ಭಾಗವನ್ನೇ ಶಸ್ತ್ರಚಿಕಿತ್ಸೆಯಿಂದ ತೆಗೆಯುವುದು. ರಕ್ತ ಧಾರಾಕಾರ ಬರುತ್ತಿರುವಾಗ ಶಸ್ತ್ರಚಿಕಿತ್ಸೆ ಬಹಳ ಅಪಾಯ. ಎಂಬೊಲೈಸೇಶನ್ ಮಾಡಿ, ಸುಧಾರಿಸಿಕೊಂಡು, ಆಮೇಲೆ ಮಾಡುವುದು ಜಾಣತನ.

ಮನೆಯಲ್ಲಿ ತಟ್ಟೆ ಲೋಟ ಬೇರೆ ಇಡಬೇಕಾ?

ಬೇಡ. ಟಿಬಿ ಹರಡುವುದು ಕೆಮ್ಮಿದಾಗ ಗಾಳಿಯಲ್ಲಿ, ತಟ್ಟೆಯಿಂದಲ್ಲ. ಬ್ರಾಂಕಿಎಕ್ಟಾಸಿಸ್, ಬೂಷ್ಟಿನ ಉಂಡೆ, ಕ್ಯಾನ್ಸರ್ ಅಂತೂ ಹರಡುವುದೇ ಇಲ್ಲ. ಟಿಬಿ ಖಚಿತವಾದರೆ ಮೊದಲ ಕೆಲವು ವಾರ ಮಾಸ್ಕ್, ತೆರೆದ ಕಿಟಕಿ, ಮನೆಯವರಿಗೆಲ್ಲ ತಪಾಸಣೆ, ಅರ್ಹರಿಗೆ ಟಿಬಿ ತಡೆಯುವ ಮಾತ್ರೆ. ರೋಗಿಯನ್ನು ಮನೆಯಲ್ಲೇ ಇಟ್ಟುಕೊಂಡು ಚಿಕಿತ್ಸೆ ಕೊಟ್ಟರೂ ಸ್ಯಾನಟೋರಿಯಂ ಎಂಬ ಕ್ಷಯದ ಆಸ್ಪತ್ರೆಯಷ್ಟೇ ಚೆನ್ನಾಗಿ ಗುಣವಾಗುತ್ತದೆ, ಮನೆಯವರಿಗೆ ಹೆಚ್ಚಿನ ಅಪಾಯವೂ ಇಲ್ಲ ಎಂದು ಜಗತ್ತಿಗೆ ತೋರಿಸಿದ್ದು 1959ರಲ್ಲಿ ಪ್ರಕಟವಾದ ಮದ್ರಾಸಿನ ಅಧ್ಯಯನ. ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಬೆಂಗಳೂರಿನಲ್ಲಿ ಹುಟ್ಟಿದ್ದೂ ಅದೇ ವರ್ಷ. ಅಷ್ಟು ಹಳೆಯ ಸಂಗತಿ ಇನ್ನೂ ನಮ್ಮ ಅಡುಗೆಮನೆಗಳನ್ನು ತಲುಪಿಲ್ಲ.

ರಕ್ತ ನಿಂತು ವಾರ ಆಯಿತು. ಈಗ ಬರಬೇಕಾ?

ಬನ್ನಿ. ನಿಂತಿರುವಾಗಲೇ ಸಿಟಿ, ಬ್ರಾಂಕೋಸ್ಕೋಪಿ ಎಲ್ಲ ನಿಧಾನವಾಗಿ, ಹಗಲಿನಲ್ಲಿ, ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಆ ಕರವಸ್ತ್ರವನ್ನೋ ಫೋಟೊವನ್ನೋ ತನ್ನಿ. ಹಳೆಯ ಫಿಲ್ಮ್‌ಗಳನ್ನು ಅಟ್ಟದಿಂದ ಇಳಿಸಿ, ದೂಳು ಕೊಡವಿ, ಅವನ್ನೂ ತನ್ನಿ.